ಜೌಗು ಸೈಟಿಗೆ ಮಣ್ಣು ಹೊಡೆಸಿ ಮನೆ ಕಟ್ಟಲು ಹೊರಟವರು ಒಮ್ಮೆ ಓದಿ

ಸೈಟು ಅಗ್ಗಕ್ಕೆ ಸಿಕ್ಕಿತು. ಯಾಕೆ ಅಂತ ಕೇಳಬೇಕಾಗಿಯೇ ಇರಲಿಲ್ಲ, ಕಾಲಿಟ್ಟರೆ ಪಾದ ಹೂತುಹೋಗುತ್ತಿತ್ತು. "ಮೂರಡಿ ಮಣ್ಣು ಹೊಡೆಸಿಬಿಡಿ ಸಾರ್, ಆಮೇಲೆ ಕಲ್ಲಿನಂಗೆ ಕೂರುತ್ತೆ" ಅಂದರು ಗುತ್ತಿಗೆದಾರರು. ಮಣ್ಣಿನ ಪರೀಕ್ಷೆ ಮಾಡಿಸೋಣವಾ ಅಂದೆ. ಸುಮ್ನೆ ದುಡ್ಡು ದಂಡ ಅಂದರು. ನನಗೂ ಅದೇ ಬೇಕಿತ್ತು, ಒಪ್ಪಿಕೊಂಡೆ.

ಲಾರಿಗಟ್ಟಲೆ ಮಣ್ಣು ಬಂತು. ಹುಲ್ಲು, ಬೇರು, ಕೊಳೆತ ಕಪ್ಪು ಕೆಸರು ಯಾವುದನ್ನೂ ತೆಗೆಯದೆ ಅದರ ಮೇಲೇ ಸುರಿದರು. ಅರ್ಧ ಅಡಿಯಷ್ಟು ಹರಡಿ, ರೋಲರ್ ಓಡಿಸಿ, ಮತ್ತೆ ಅರ್ಧ ಅಡಿ ಹರಡಬೇಕಂತೆ. ನಮ್ಮಲ್ಲಿ ಪೂರ್ತಿ ಸುರಿದು ಮೇಲೆ ತಟ್ಟಿದರು, ಅಷ್ಟೇ. ಎರಡೇ ತಿಂಗಳಿಗೆ ಆ ತುಂಬು ಮಣ್ಣಿನಲ್ಲೇ ಪಾಯ ಹಾಕಿದ್ದಾಯಿತು.

ಎರಡನೇ ವರ್ಷ ಬಚ್ಚಲಿನ ಬಾಗಿಲು ಹಿಡಿಯತೊಡಗಿತು. ಮರ ಉಬ್ಬಿದೆ ಅಂದುಕೊಂಡು ಉಜ್ಜಿಸಿದೆ. ಆಮೇಲೆ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು. ಮೆತ್ತಿ ಬಣ್ಣ ಹೊಡೆಸಿದೆ. ಆರು ತಿಂಗಳಿಗೆ ಮತ್ತೆ ಬಾಯಿಬಿಟ್ಟಿತು, ಈ ಸಲ ಬೆರಳು ತೂರುವಷ್ಟು.

ಆಗ ಕರೆಸಿದ ಎಂಜಿನಿಯರ್ ಹೇಳಿದ್ದು ಕೇಳಿ ತಲೆ ಕೆಟ್ಟಿತು. ಮುಖ್ಯ ಭಾರ ಮನೆಯದ್ದಲ್ಲ, ನಾನು ಹೊಡೆಸಿದ ಮಣ್ಣಿನದ್ದೇ! ಒಂದು ಮೀಟರ್ ಎತ್ತರ ತುಂಬಿಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 1.8 ಟನ್ ಬೀಳುತ್ತದೆ. ಒಂದು ಅಂತಸ್ತಿನ ಮನೆಯ ತೂಕವನ್ನು ಇಡೀ ತಳಕ್ಕೆ ಹಂಚಿದರೂ ಸಾಮಾನ್ಯವಾಗಿ ಅಷ್ಟು ಬರುವುದಿಲ್ಲ. ಆ ಒತ್ತಡಕ್ಕೆ ಕೆಳಗಿನ ಜೇಡಿಯಿಂದ ನೀರು ಹಿಂಡಿ ಹೊರಬರುತ್ತದೆ, ಅದೂ ವರ್ಷಗಟ್ಟಲೆ, ನಿಧಾನವಾಗಿ. ನೀರು ಹೋದಷ್ಟು ನೆಲ ಕುಸಿಯುತ್ತದೆ. ಎಲ್ಲ ಕಡೆ ಒಂದೇ ಸಮ ಇಳಿದಿದ್ದರೆ ಗೋಡೆಗೆ ಅಷ್ಟು ಏಟಾಗುತ್ತಿರಲಿಲ್ಲ. ನಮ್ಮ ಮುಂಬಾಗಿಲ ಕಡೆ ಕೆಸರು ತೆಳ್ಳಗೆ, ಅಡುಗೆಮನೆ ಕಡೆ ಆಳ. ಮನೆ ಹಿಂದಕ್ಕೆ ವಾಲಿತು.

ಹಾಗಾಗಿ ಮೊದಲು ಬೋರ್ ಹೊಡೆಸಿ (ನೀರಿಗಲ್ಲ, ಕೆಳಗಿನ ಮಣ್ಣಿನ ಮಾದರಿ ತೆಗೆಯಲು) ಮಣ್ಣು ನೋಡಿಸಿ. ಒಂದೇ ಕಡೆ ಅಲ್ಲ, ಕಡಿಮೆ ಅಂದರೂ ಎರಡು ಮೂಲೆಯಲ್ಲಿ, ಗಟ್ಟಿ ಪದರ ಸಿಗುವವರೆಗೆ. ನಾಲ್ಕಡಿ ಗುಂಡಿ ತೋಡಿ ನೋಡಿದ್ದನ್ನು ಪರೀಕ್ಷೆ ಅನ್ನಬೇಡಿ. ಗಟ್ಟಿ ನೆಲ ಮೇಲೇ ಸಿಕ್ಕರೆ ಕೆಸರು ತೆಗೆಸುವುದು ಅಗ್ಗ. ಕೆಲವು ಮೀಟರ್ ಕೆಳಗಿದ್ದರೆ ಪೈಲ್, ಅಂದರೆ ಗಟ್ಟಿ ಪದರದವರೆಗೆ ಹೋಗುವ ಕಂಬ, ಇಳಿಸಿ ಮೇಲೆ ಬೀಮ್ ಕಟ್ಟಬಹುದು. ತುಂಬಾ ಆಳವಿದ್ದರೆ ರಾಫ್ಟ್ ಪಾಯ (ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು), ಹಗುರ ಗೋಡೆ, ಹಗುರ ಚಾವಣಿ. ನನ್ನನ್ನು ಕೇಳಿದರೆ, ಮಣ್ಣೇ ತುಂಬಿಸದೆ ಕಂಬದ ಮೇಲೆ ಎತ್ತಿ ಕಟ್ಟಿದ ಸಣ್ಣ ಮನೆ ಇಂಥ ಜಾಗಕ್ಕೆ ಸರಿ. ನಂತರ ಮಣ್ಣು ಹೊಡೆಸುವ ಯೋಚನೆ ಇದ್ದರೆ ಪೈಲ್ ಲೆಕ್ಕ ಹಾಕುವ ಮುಂಚೆಯೇ ಎಂಜಿನಿಯರ್‌ಗೆ ಹೇಳಿ. ಕುಸಿಯುವ ಮಣ್ಣು ಪೈಲನ್ನೂ ಕೆಳಕ್ಕೆ ಎಳೆಯುತ್ತದೆ.

ಸೆಪ್ಟಿಕ್ ಟ್ಯಾಂಕ್ ಕಥೆ ಬೇರೆ. ಮಳೆಗಾಲದಲ್ಲಿ ಖಾಲಿ ಮಾಡಿಸಿದ್ದೇ ತಪ್ಪು, ಸುತ್ತಲಿನ ನೀರು ಅದನ್ನು ಮೇಲಕ್ಕೆ ತೇಲಿಸಿ ಪೈಪು ಮುರಿಯಿತು.

ಈಗ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದೇವೆ. ಅದು ಒಡೆಯದೆ ಉಳಿದರೆ ಬಿರುಕು ಅಗಲವಾಗುವುದು ನಿಂತಿದೆ ಅಂತ, ಆಗ ಮಾತ್ರ ರಿಪೇರಿ ಶುರು ಮಾಡೋಣ ಅಂದಿದ್ದಾರೆ ಎಂಜಿನಿಯರ್. ಮೊನ್ನೆ ಮೂರನೇ ಪಟ್ಟಿ ಒಡೆಯಿತು.