ಟ್ಯಾಬ್ ಮುಚ್ಚಿದರೆ ವಾಟ್ಸಾಪ್ ಮುಚ್ಚುವುದಿಲ್ಲ

ಕಳೆದ ತಿಂಗಳು ಅಪ್ಪನ ಪಹಣಿ, ಆಧಾರ್ ಪ್ರಿಂಟ್ ತೆಗೆಸಲು ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಫೈಲುಗಳೆಲ್ಲ ವಾಟ್ಸಾಪಿನಲ್ಲೇ ಇದ್ದವು. ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಫೋನಿನಿಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಹಿಂದೆ ಜನ ಕಾಯುತ್ತಿದ್ದರು. ಪ್ರಿಂಟ್ ಬಂದ ಕೂಡಲೇ ಟ್ಯಾಬ್ ಮುಚ್ಚಿ, ಫೋನಿನ ಡೇಟಾ ಆಫ್ ಮಾಡಿ ಹೊರಟೆ.

ಡೇಟಾ ಆಫ್ ಮಾಡಿದರೆ ಸಾಕು ಅಂತ ಪೂರ್ತಿ ನಂಬಿದ್ದೆ. 2015ರಲ್ಲಿ ವಾಟ್ಸಾಪ್ ವೆಬ್ ಬಂದಾಗ ಅದು ಹಾಗೇ ಇತ್ತು. ಫೋನಿಗೆ ನೆಟ್ ಇಲ್ಲ ಅಂದರೆ ಕಂಪ್ಯೂಟರಿನಲ್ಲೂ ಏನೂ ನಡೆಯುತ್ತಿರಲಿಲ್ಲ. ಆದರೆ 2021ರಿಂದ ಇದು ಬದಲಾಗುತ್ತಾ ಬಂತು. ಈಗ ಲಿಂಕ್ ಆದ ಕಂಪ್ಯೂಟರಿಗೆ ಫೋನಿನ ಹಂಗೇ ಇಲ್ಲ. ಫೋನ್ ಸ್ವಿಚ್ ಆಫ್ ಆಗಿದ್ದರೂ ಅಲ್ಲಿಂದ ಮೆಸೇಜ್ ಓದಬಹುದು, ಕಳಿಸಬಹುದು. ಫೋನನ್ನು 14 ದಿನ ಮುಟ್ಟದೇ ಇದ್ದರೆ ಲಿಂಕ್ ತಾನಾಗಿ ಕಳಚುತ್ತದೆ. ದಿನಾ ಫೋನ್ ಬಳಸುವ ನಮಗೆ ಅದರಿಂದ ಏನು ಉಪಯೋಗ, ಅಲ್ವಾ?

ಒಂಬತ್ತನೇ ದಿನ ಸಂಜೆ ಚಿಕ್ಕಮ್ಮ ಫೋನ್ ಮಾಡಿದರು. “ಅಪ್ಪ ಹೇಗಿದ್ದಾರೋ? ದುಡ್ಡು ಬಂತಾ?” ಅಂದರು. ನನಗೆ ಏನೂ ಅರ್ಥವಾಗಲಿಲ್ಲ. ನನ್ನ ನಂಬರಿನಿಂದಲೇ ಅವರಿಗೆ ಮೆಸೇಜ್ ಹೋಗಿತ್ತು. ಅಪ್ಪನ ಮಂಡಿ ಆಪರೇಷನ್ ಬೇಗ ಮಾಡಬೇಕಂತೆ, ಅರ್ಜೆಂಟಾಗಿ 15,000 ಬೇಕು, ಈ ನಂಬರಿಗೆ ಹಾಕಿ, ಡಾಕ್ಟರ ಹತ್ತಿರ ಇದ್ದೀನಿ, ಈಗ ಫೋನ್ ಮಾಡಬೇಡಿ ಅಂತ. ಆಪರೇಷನ್ ವಿಷಯ ನಿಜವೇ. ಅದೇ ಚಾಟಿನಲ್ಲಿ ನಾನೂ ಚಿಕ್ಕಮ್ಮನೂ ಅದನ್ನು ಮಾತಾಡಿದ್ದೆವು. ಯಾರೋ ಕೂತು ನಮ್ಮ ಮನೆಯ ಕಷ್ಟಸುಖ ಎಲ್ಲ ಓದಿದ್ದಾರೆ. ದುಡ್ಡು ಹೋದದ್ದಕ್ಕಿಂತ ಇದೇ ನನಗೆ ಜಾಸ್ತಿ ನೋವು ಕೊಟ್ಟದ್ದು. ಕಳಿಸಿದ ಮೆಸೇಜುಗಳನ್ನು ಅಲ್ಲಿಂದಲೇ ಅಳಿಸಿಯೂ ಇದ್ದರು. ಹಾಗಾಗಿ ನನ್ನ ಫೋನಿನಲ್ಲಿ ಒಂದೂ ಕಾಣಲಿಲ್ಲ. ಚಿಕ್ಕಮ್ಮನ ಫೋನಿನಲ್ಲಿ ಮಾತ್ರ ಉಳಿದಿದ್ದವು.

ಆಗಲೇ ನಾನು ವಾಟ್ಸಾಪಿನ ಮೂರು ಚುಕ್ಕಿ ಒತ್ತಿ ‘ಲಿಂಕ್ಡ್ ಡಿವೈಸಸ್’ ತೆರೆದದ್ದು. ಐಫೋನ್ ಇದ್ದವರಿಗೆ ಇದು ಸೆಟ್ಟಿಂಗ್ಸ್ ಒಳಗೆ ಸಿಗುತ್ತದೆ. ಕ್ರೋಮ್, ವಿಂಡೋಸ್ ಅಂತ ಒಂದು ಹೆಸರು, ಕೆಳಗೆ ಅದನ್ನು ಕೊನೆಯದಾಗಿ ಬಳಸಿದ ಸಮಯ, ಅದೂ ಅವತ್ತಿನದೇ. ಅದನ್ನು ಒತ್ತಿ ‘ಲಾಗ್ ಔಟ್’ ಕೊಟ್ಟೆ. ಮನೆಯಲ್ಲೇ ಕೂತು, ಒಂದೇ ನಿಮಿಷದಲ್ಲಿ ಆಯಿತು. ಇಷ್ಟು ಸುಲಭದ ಕೆಲಸವನ್ನು ಒಂಬತ್ತು ದಿನ ಮಾಡದೇ ಬಿಟ್ಟಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ವಾಟ್ಸಾಪಿಗೆ ಟೂ ಸ್ಟೆಪ್ ಪಿನ್ ಇಟ್ಟಿದ್ದೀನಿ, ನನಗೇನೂ ಆಗಲ್ಲ ಅಂತ ಸುಮ್ನೆ ಇರಬೇಡಿ. ನನಗೂ ಆ ಪಿನ್ ಇತ್ತು. ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ಹಾಕುವಾಗ ಅದನ್ನು ಕೇಳುತ್ತದೆ, ಲಿಂಕ್ ಆಗಿಯೇ ಇರುವ ಕಂಪ್ಯೂಟರನ್ನು ಅದು ತಡೆಯಲ್ಲ. ಈ ಬರಹ ಓದುತ್ತಿರುವಾಗಲೇ ಒಮ್ಮೆ ಆ ‘ಲಿಂಕ್ಡ್ ಡಿವೈಸಸ್’ ಪಟ್ಟಿ ತೆರೆದು ನೋಡಿ. ಒಂದು ನಂಬರಿಗೆ ನಾಲ್ಕು ಸಾಧನಗಳವರೆಗೆ ಲಿಂಕ್ ಮಾಡಬಹುದು. ಗುರುತು ಸಿಗದ್ದು ಒಂದಿದ್ದರೂ ತೆಗೆದುಹಾಕಿ. ಮನೆಯ ಹಿರಿಯರ ಫೋನನ್ನೂ ನೀವೇ ಕೂತು ನೋಡಿಕೊಡಿ.

ಅವತ್ತೇ ರಾತ್ರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಬ್ಯಾಂಕಿಗೂ ತಿಳಿಸಿದೆವು. ದುಡ್ಡು ಇನ್ನೂ ಬಂದಿಲ್ಲ. ನಾನು ಕೊಡಲು ಹೋದರೆ ಚಿಕ್ಕಮ್ಮ, “ಮೊದಲು ನಿಮ್ಮಪ್ಪನ ಕಾಲು ಸರಿಯಾಗಲಿ, ಆಮೇಲೆ ನೋಡೋಣ” ಅಂದರು.