ಕ್ಯಾನೊನೆಟ್ಟಾ, ಎಲೆಕ್ಟ್ರೋನಾ? ಹಳೆಯ ಫಿಲ್ಮ್ ಕ್ಯಾಮೆರಾ ಮನೆಯಲ್ಲೇ ರಿಪೇರಿ ಮಾಡುವವರಿಗೆ

ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದೀರಾ? ಹಾಗಾದರೆ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-3 ತಗೊಳ್ಳಿ. 1972ರ ಕ್ಯಾಮೆರಾ, 40 ಎಂಎಂ ಎಫ್/1.7 ಲೆನ್ಸ್. ಶಟರ್ ಪೂರ್ತಿ ಮೆಕ್ಯಾನಿಕಲ್. ಬ್ಯಾಟರಿ ಇಲ್ಲದಿದ್ದರೂ ಎಲ್ಲ ಸ್ಪೀಡೂ ಓಡುತ್ತವೆ, ಬೆಳಕು ಅಳೆಯುವ ಮೀಟರ್ ಮಾತ್ರ ಇರಲ್ಲ.

ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಹಾಗಲ್ಲ. ಅದರ 45 ಎಂಎಂ ಎಫ್/1.7 ಲೆನ್ಸ್ ನನಗೆ ತುಂಬಾ ಇಷ್ಟ. ಆದರೆ ಬ್ಯಾಟರಿ ಸತ್ತರೆ ಶಟರ್ 1/500 ಸೆಕೆಂಡ್ ಸ್ಪೀಡೊಂದರಲ್ಲೇ ಓಡುತ್ತದೆ. ಕೊಳ್ಳುವಾಗ ಫಿಲ್ಮ್ ಲಿವರ್ ನಿಧಾನವಾಗಿ ಎಳೆದು ಕಿವಿಗೊಡಿ. ಒಳಗೆ 'ಟಕ್' ಅಂತ ಸದ್ದು ಬರಬೇಕು. ಬರದಿದ್ದರೆ ಒಂದು ಪುಟ್ಟ ರಬ್ಬರ್ ಪ್ಯಾಡ್ ಕರಗಿಹೋಗಿದೆ ಅಂತಲೇ ಲೆಕ್ಕ. ಅದನ್ನು ಬದಲಿಸಲು ತುಂಬಾ ಬಿಚ್ಚಬೇಕು.

ಬ್ಯಾಟರಿ ವಿಷಯದಲ್ಲಿ ಯಾಶಿಕಾನೇ ಸುಲಭ. ಅಡಾಪ್ಟರ್ ಜೊತೆ 6 ವೋಲ್ಟ್ ಸೆಲ್ ಸಾಕು. ಕ್ಯಾನೊನೆಟ್‌ಗೆ ಬೇಕಾದ 1.35 ವೋಲ್ಟ್ ಪಾದರಸದ ಸೆಲ್ ಈಗ ಸಿಗಲ್ಲ. ಹಿಯರಿಂಗ್ ಏಡ್‌ನ 675 ಸೆಲ್‌ಗೆ ಒಂದು ರಿಂಗ್ ಹಾಕಿ ಕೂರಿಸಿ.

ಎರಡರಲ್ಲೂ ಬೆಳಕು ಒಳಬರದಂತೆ ತಡೆಯುವ ಹಿಂಬಾಗಿಲ ಸ್ಪಂಜು ಟಾರಿನಂತೆ ಬೆರಳಿಗೆ ಅಂಟುತ್ತದೆ. ಕೆರೆದು ತೆಗೆದು, ಹೊಸದು ಅಂಟಿಸಿ.

ಫೋಕಸ್ ಪರೀಕ್ಷೆಯೂ ಒಂದೇ. ಹಿಂಬಾಗಿಲು ತೆರೆದು ಫಿಲ್ಮ್ ಕೂರುವ ಹಳಿಯ ಮೇಲೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ. ಶಟರ್ 'ಬಿ'ಯಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸೆಟ್ಟಿಂಗ್) ತೆರೆದಿಟ್ಟು (ಯಾಶಿಕಾಗೆ ಬ್ಯಾಟರಿ ಇರಲಿ), ದೂರದ ಮೊಬೈಲ್ ಟವರ್ ನೋಡಿ. ಪೇಪರ್ ಮೇಲೆ ಟವರ್ ಚೂಪಾಗಿ ಮೂಡಿದಾಗ ವ್ಯೂಫೈಂಡರ್‌ನಲ್ಲಿ ಫೋಕಸ್‌ಗಾಗಿ ಕಾಣುವ ಎರಡು ಬಿಂಬಗಳೂ ಒಂದಾಗಿರಬೇಕು.