ನೆಟ್‌ವರ್ಕ್ ದಾಖಲೆ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬಾಗಲಕೋಟೆಯಲ್ಲಿ ಇಂಟರ್ನೆಟ್ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮುಧೋಳ, ಜಮಖಂಡಿ, ಇಳಕಲ್ ಕಡೆ ಫೈಬರ್ ಎಳೆದಿರುವ ಗೆಳೆಯರೇ, "ನಿಮ್ಮ ಇಡೀ ನೆಟ್‌ವರ್ಕ್ ಒಂದೇ ಸ್ಕ್ರೀನ್‌ನಲ್ಲಿ ತೋರಿಸ್ತೀವಿ ಸರ್" ಅಂತ ಯಾರಾದರೂ ಫೋನ್ ಮಾಡಿದರೆ ತಕ್ಷಣ ಹೂಂ ಅನ್ನಬೇಡಿ. ನಮ್ಮ ಮಾಲಕರು ಹೂಂ ಅಂದರು, ವರ್ಷದ ದುಡ್ಡು ಮುಂಗಡ ಕಟ್ಟಿದರು. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥವರು ಒಬ್ಬರೇ ಇಲ್ಲ, ಹೆಸರು ಹೇಳಿ ಉಪಯೋಗವೂ ಇಲ್ಲ.

ನಮಗೆ ಅಂಥದ್ದೊಂದು ಬೇಕಾಗಿತ್ತು ಅನ್ನೋದು ನಿಜ. ಕೇಬಲ್‌ಗಳನ್ನು ಸೇರಿಸುವ ಯಾವ ಜಾಯಿಂಟ್ ಬಾಕ್ಸ್‌ನಲ್ಲಿ ಯಾವ ಕೋರ್ (ಕೇಬಲ್ ಒಳಗಿನ ಗಾಜಿನ ಎಳೆ) ಎಲ್ಲಿಗೆ ಹೋಗಿದೆ ಅನ್ನೋದು ಹಳೆಯ ಲೈನ್‌ಮ್ಯಾನ್ ತಲೆಯಲ್ಲಿತ್ತು. ಉಳಿದದ್ದು ಒಂದು ಎಕ್ಸೆಲ್ ಶೀಟ್, ಎರಡು ಡೈರಿ, ವಾಟ್ಸಾಪ್ ಫೋಟೋ. ಅವರು ಕೆಲಸ ಬಿಟ್ಟು ಬೇರೆ ಕಡೆ ಹೋದಾಗ ನಮಗೆ ಕೈಕಾಲು ಆಡಲಿಲ್ಲ.

ಡೆಮೊ ಚೆನ್ನಾಗಿಯೇ ಇತ್ತು. ಅವರು ತೋರಿಸಿದ ಊರಲ್ಲಿ ಪ್ರತಿ ರಸ್ತೆಗೂ ಹೆಸರಿತ್ತು, ಪ್ರತಿ ಮನೆಗೂ ನಂಬರ್ ಇತ್ತು. ನಮ್ಮ ಊರು ಹಾಗಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ವಿಳಾಸ ಅಂದರೆ ಸೆಕ್ಟರ್ ಮತ್ತು ಪ್ಲಾಟ್ ನಂಬರ್. ಹಳೇ ಬಾಗಲಕೋಟೆಯಲ್ಲಿ ಓಣಿಯ ಹೆಸರು, ಹತ್ತಿರದ ಗುಡಿ. ಅವರ ಫಾರ್ಮ್ ಕೇಳುವುದು ರಸ್ತೆ ಮತ್ತು ಪಿನ್ ಕೋಡ್. ಹಳೇ ಊರಿನ ಗಿರಾಕಿಗಳನ್ನು ತುಂಬಿಸಿದ ಮೇಲೆ ನೋಡಿದರೆ ಮ್ಯಾಪ್‌ನಲ್ಲಿ ಎಲ್ಲರೂ ಒಂದೇ ಚುಕ್ಕೆಯ ಮೇಲೆ ಕೂತಿದ್ದರು. ಕೇಳಿದರೆ, "ಮುಂದಿನ ವರ್ಷನ್‌ನಲ್ಲಿ ಸರಿ ಮಾಡ್ತೀವಿ" ಅಂದರು.

ಇದಾದರೂ ಕಣ್ಣಿಗೆ ಕಾಣುವ ತಪ್ಪು. ನಮ್ಮನ್ನು ಕೆಡವಿದ್ದು ಕಣ್ಣಿಗೆ ಕಾಣದ್ದು.

ಫೈಬರ್ ಕೇಬಲ್‌ನ ಒಂದು ಟ್ಯೂಬ್‌ನಲ್ಲಿ ಸಾಮಾನ್ಯವಾಗಿ 12 ಕೋರ್‌ವರೆಗೆ ಇರುತ್ತವೆ. ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಬಣ್ಣಗಳಿಗೆ ಒಂದು ಕ್ರಮವಿದೆ. ಜಾಯಿಂಟ್ ಮಾಡುವಾಗ ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ ಸೇರಿಸಬೇಕು. ಹೊಸ ಕೇಬಲ್ ಇದ್ದಾಗ ಎಲ್ಲರೂ ಹಾಗೇ ಮಾಡುತ್ತಾರೆ. ನಾಲ್ಕು ಸಲ ತುಂಡಾಗಿ ರಿಪೇರಿಯಾದ ಕೇಬಲ್‌ನಲ್ಲಿ ಹಾಗಿರುವುದಿಲ್ಲ. ಒಂದು ಕೋರ್ ಸತ್ತಿರುತ್ತದೆ, ರಾತ್ರಿ ಹೊತ್ತು ಖಾಲಿ ಇದ್ದ ಕಂದು ಕೋರ್‌ಗೆ ಹಾಕಿ ಕೆಲಸ ಮುಗಿಸಿರುತ್ತಾರೆ. ಇದನ್ನೆಲ್ಲ ಬಾಕ್ಸ್ ಬಿಚ್ಚಿ ನೋಡಿ ಬರೆಯಬೇಕು. ಆ ಕಂಪನಿಯ ಹುಡುಗರು ಆಫೀಸಿನಲ್ಲಿ ಕೂತು ಒಂದು ಬಟನ್ ಒತ್ತಿದರು. ಸಾಫ್ಟ್‌ವೇರ್ ತಾನೇ ಎಲ್ಲ ಬಾಕ್ಸ್‌ಗಳಲ್ಲೂ ನೀಲಿಗೆ ನೀಲಿ ಜೋಡಿಸಿಬಿಟ್ಟಿತು. ರಿಪೋರ್ಟ್‌ನಲ್ಲಿ "ನೂರಕ್ಕೆ ನೂರು ಪೂರ್ಣ" ಅಂತ ಬಂತು. ಇದರಲ್ಲಿ ಯಾವುದು ನೋಡಿ ಬರೆದದ್ದು, ಯಾವುದು ಊಹೆ ಅಂತ ತೋರಿಸುವ ಗುರುತೇ ಇರಲಿಲ್ಲ.

ನವನಗರದಲ್ಲಿ ಚರಂಡಿ ತೋಡುತ್ತಿದ್ದ ಜೆಸಿಬಿ ಒಂದು ಸಂಜೆ ನಮ್ಮ ಜಾಯಿಂಟ್ ಬಾಕ್ಸನ್ನೇ ಕಿತ್ತು ಮೇಲೆ ತಂತು. ಕೇಬಲ್ ನಡುವೆ ತುಂಡಾಗಿದ್ದರೆ ಚಿಂತೆ ಇರಲಿಲ್ಲ, ಎರಡೂ ಕಡೆ ಅದೇ ಕೇಬಲ್, ಬಣ್ಣ ನೋಡಿ ಸೇರಿಸಬಹುದು. ಬಾಕ್ಸ್ ಕಿತ್ತು ಬಂದರೆ ಒಳಗಿನ ಜಾಯಿಂಟ್‌ಗಳೆಲ್ಲ ಹರಿದಿರುತ್ತವೆ, ಯಾವುದು ಯಾವುದಕ್ಕೆ ಸೇರಿತ್ತು ಅಂತ ದಾಖಲೆಯೇ ಹೇಳಬೇಕು. ಓಎಲ್‌ಟಿ (ನಮ್ಮ ಕಡೆಯಿಂದ ಬೆಳಕು ಕಳಿಸುವ ಯಂತ್ರ) ಕಡೆಯ ತುದಿಯಲ್ಲಾದರೂ ಬೆಳಕು ಬರುತ್ತಿರುತ್ತದೆ, ಪವರ್ ಮೀಟರ್ ಹಿಡಿದು ನೋಡಬಹುದು. ಗಿರಾಕಿ ಕಡೆಯ ತುದಿ ಪೂರ್ತಿ ಕತ್ತಲು. ಮೇಲಿನಿಂದ ಬೆಳಕು ಬರುವ ತನಕ ಮನೆಯ ಫೈಬರ್ ಮೋಡೆಮ್, ಅಂದರೆ ಓಎನ್‌ಯು, ತನ್ನ ಬೆಳಕು ಬಿಡುವುದಿಲ್ಲವಲ್ಲ.

ಸಾಫ್ಟ್‌ವೇರ್ ನಂಬಿ ನಮ್ಮ ಹುಡುಗರು ನೀಲಿಗೆ ನೀಲಿ ಹಾಕುತ್ತಾ ಹೋದರು. ಕೆಲಸ ಮುಗಿಯಿತು ಅಂದುಕೊಳ್ಳುವಾಗ ಫೋನ್ ಬಂತು: "ಸರ, ಲೈಟ್ ಬರಾಕತ್ತೈತಿ, ನೆಟ್ ಬರವಲ್ದು." ಎರಡು ಸೆಕ್ಟರ್‌ಗಳ ಕೋರ್‌ಗಳು ಅದಲುಬದಲಾಗಿದ್ದವು. ಈ ಪೋರ್ಟ್‌ನಲ್ಲಿ ನೋಂದಾಯಿಸಿದ್ದ ಓಎನ್‌ಯುಗಳು ಆ ಪೋರ್ಟ್‌ಗೆ ಹೋಗಿ ಕೂತಿದ್ದವು, ಓಎಲ್‌ಟಿ ಅವನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ಪೋರ್ಟ್‌ಗೆ, ಒಂದು ಕೋರ್‌ನ ಬೆಳಕನ್ನು ಎಂಟಕ್ಕೆ ಹಂಚುವ 1:8ರ ಸ್ಪ್ಲಿಟರ್ ಎರಡು ಹಂತದಲ್ಲಿ ಹಾಕಿದರೆ 64 ಮನೆ. ಎಷ್ಟು ಜನ ಬೈದಿರಬಹುದು ಲೆಕ್ಕ ಹಾಕಿ. ಕೊನೆಗೆ ಕೆಂಪು ಲೈಟಿನ ಪೆನ್ ಹಿಡಿದು ಮುಂದಿನ ಬಾಕ್ಸ್‌ನಿಂದ ಒಂದೊಂದೇ ಕೋರ್ ಪತ್ತೆ ಮಾಡಿ ಎಲ್ಲವನ್ನೂ ಬಿಚ್ಚಿ ಮತ್ತೆ ಸೇರಿಸಿದರು. ದಾಖಲೆಯೇ ಇಲ್ಲದಿದ್ದರೆ ಮೊದಲೇ ಪೆನ್ ಹಿಡಿಯುತ್ತಿದ್ದರು, ಬೇಗ ಮುಗಿಯುತ್ತಿತ್ತು.

ಆಮೇಲೆ ಒಂದೊಂದೇ ಹೊರಗೆ ಬಂತು. ಕೇಬಲ್ ಮೈಮೇಲೆ ಉದ್ದ ತೋರಿಸುವ ಮೀಟರ್ ನಂಬರ್ ಅಚ್ಚಾಗಿರುತ್ತದೆ ಅಲ್ವಾ, ಪ್ರತಿ ಬಾಕ್ಸ್‌ಗೆ ಒಳಗೆ ಬರುವಾಗ ಎಷ್ಟು, ಹೊರಗೆ ಹೋಗುವಾಗ ಎಷ್ಟು ಅಂತ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಓಟಿಡಿಆರ್ (ಬೆಳಕು ಬಿಟ್ಟು ಫೈಬರ್ ಅಳೆಯುವ ಯಂತ್ರ) ತುಂಡಾದ ಜಾಗ ಹೇಳುವುದು ಫೈಬರ್ ಉದ್ದದಲ್ಲಿ, ರಸ್ತೆಯ ಉದ್ದದಲ್ಲಲ್ಲ. ಹೆಸ್ಕಾಂ ಕಂಬದಲ್ಲಿ ಸುತ್ತಿಟ್ಟ ಲೂಪ್, ಕೇಬಲ್‌ನ ಜೋತು, ಇವೆಲ್ಲ ಸೇರಿ ಮ್ಯಾಪ್‌ನ ಗೆರೆಗಿಂತ ಕೇಬಲ್ ಉದ್ದ ಜಾಸ್ತಿಯೇ ಇರುತ್ತದೆ. ಆ ಸಾಫ್ಟ್‌ವೇರ್‌ನಲ್ಲಿ ಲೂಪ್ ಬರೆಯಲು ಜಾಗವಿಲ್ಲ, ಮೀಟರ್ ನಂಬರ್‌ಗೂ ಜಾಗವಿಲ್ಲ. ಸ್ಪ್ಲಿಟರ್ ಅನ್ನೋದೂ ಅದಕ್ಕೆ ಗೊತ್ತಿಲ್ಲ, ಎಂಟು ಪೋರ್ಟಿನ ಸ್ವಿಚ್ ಅಂತ ಸೇರಿಸಬೇಕು. ಒಂದೊಂದು ಸಾಧನಕ್ಕೂ ಬಾಡಿಗೆ ಇದ್ದದ್ದರಿಂದ, ಕರೆಂಟೂ ಬೇಡದ ಗಾಜಿನ ಸ್ಪ್ಲಿಟರ್‌ಗೂ ಬಾಡಿಗೆ ಕಟ್ಟಿದೆವು! ಓಎಲ್‌ಟಿ ಪಾಸ್‌ವರ್ಡ್‌ಗಳನ್ನು ಅದರಲ್ಲೇ ಬರೆದಿಡಿ ಅಂದಿದ್ದರು. ಅದನ್ನು ಮಾತ್ರ ದಯವಿಟ್ಟು ಎಲ್ಲೂ ಮಾಡಬೇಡಿ, ಪಾಸ್‌ವರ್ಡ್‌ಗೆ ಬೇರೆ ಜಾಗ ಇರಲಿ. ಸರ್ಕಾರದ ಲಾಗ್ ನಿಯಮಕ್ಕೂ ಇದೇ ಸಾಕು ಅಂತ ಬೇರೆ ಹೇಳಿದ್ದರು. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದಲ್ಲಿ 180 ದಿನ ಇಡಬೇಕು ಅಂದಿರುವುದು ಸಿಸ್ಟಂಗಳ ಲಾಗ್. ಅದಕ್ಕೂ ಕೇಬಲ್ ಮ್ಯಾಪ್‌ಗೂ ಏನು ಸಂಬಂಧ?

ಬಿಡೋಣ ಅಂತ ಹೊರಟಾಗ ನಮ್ಮ ಡೇಟಾ ಕೇಳಿದೆವು. ಸಿಕ್ಕಿದ್ದು ಒಂದಿಷ್ಟು ಪಿಡಿಎಫ್ ಮತ್ತು ಬಾಕ್ಸ್‌ಗಳ ಪಟ್ಟಿ. ಯಾವ ಕೋರ್ ಯಾವುದಕ್ಕೆ ಸೇರಿದೆ ಅನ್ನುವ ಭಾಗ, ಅಂದರೆ ಆ ರಾತ್ರಿಯ ನಂತರ ನಾವೇ ಬಾಕ್ಸ್ ಬಿಚ್ಚಿ ತಿದ್ದಿದ್ದ ಭಾಗ, ಅದರಲ್ಲಿ ಇರಲಿಲ್ಲ. "ಅದು ನಮ್ಮ ಡೇಟಾಬೇಸ್ ಡಿಸೈನ್ ಸರ್, ಹೊರಗೆ ಕೊಡಲ್ಲ" ಅಂದರು. ನಮ್ಮ ಹುಡುಗರು ಕಂಬ ಹತ್ತಿ ಬರೆದದ್ದು ಅವರ ಡಿಸೈನ್ ಹೇಗಾಯಿತೋ ದೇವರೇ ಬಲ್ಲ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನಿಮ್ಮಲ್ಲೇ ಅತಿ ಗೋಜಲಾದ ಒಂದು ಬಾಕ್ಸ್ ಆರಿಸಿ. ಬಣ್ಣ ತಪ್ಪಿದ, ಸ್ಪ್ಲಿಟರ್ ಇರುವ, ಲೂಪ್ ಇರುವ ಬಾಕ್ಸ್. ಅದನ್ನು ಅವರ ಎದುರಿಗೇ ತುಂಬಿಸಲು ಹೇಳಿ. ಆಮೇಲೆ ಅದೇ ಮಾಹಿತಿಯನ್ನು ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸಿಎಸ್‌ವಿ ಅಥವಾ ಜಿಯೋಜೇಸನ್ ಫೈಲ್ ಆಗಿ ಹೊರಗೆ ತೆಗೆಸಿ, ನೀವೇ ತೆರೆದು ಕೋರ್‌ನಿಂದ ಕೋರ್‌ಗೆ ಓದಿ ನೋಡಿ. ಓದಲು ಬರದಿದ್ದರೆ ಚಹಾ ಕುಡಿಸಿ ಕಳಿಸಿ.

ಈಗ ನಮ್ಮಲ್ಲಿ ಐಪಿ, ವಿಲ್ಯಾನ್, ಓಎಲ್‌ಟಿ, ರ‍್ಯಾಕ್ ಎಲ್ಲ ನೆಟ್‌ಬಾಕ್ಸ್‌ನಲ್ಲಿವೆ. ಡಿಜಿಟಲ್‌ಓಶನ್ ಕಂಪನಿಯಲ್ಲಿ ಹುಟ್ಟಿ 2016ರಲ್ಲಿ ಓಪನ್ ಸೋರ್ಸ್ ಆದ ಸಾಫ್ಟ್‌ವೇರ್ ಅದು. ಡೇಟಾ ನಮ್ಮದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇರುತ್ತದೆ. ಬಿಟ್ಟಿ ಅಂತ ಸುಲಭ ಅಂದುಕೊಳ್ಳಬೇಡಿ, ಲಿನಕ್ಸ್ ಗೊತ್ತಿರುವ ಒಬ್ಬರು ಬೇಕು, ಬ್ಯಾಕಪ್ ನೀವೇ ನೋಡಬೇಕು. ಬೀದಿಯ ಕೇಬಲ್ ದಾರಿ ಬರೆಯುವ ಕೆಲಸ ಅದರದ್ದಲ್ಲ, ಅದಕ್ಕೆ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇವೆ. ಲೈನ್‌ಮ್ಯಾನ್ ಫೋನಿನಲ್ಲಿ ಅದರ ಜೊತೆಗೆ ಬಳಸುವ ಕ್ಯೂಫೀಲ್ಡ್ ಆ್ಯಪ್ ಇದೆ, ನೆಟ್ ಇಲ್ಲದಿದ್ದರೂ ಮ್ಯಾಪ್ ತೆರೆಯುತ್ತದೆ. ನಮಗೆ ಮ್ಯಾಪ್ ಬೇಕಾಗುವುದೇ ನೆಟ್ ಹೋದಾಗ ತಾನೇ? ಜೆಸಿಬಿಯವರು ತೋಡುವ ಮೊದಲು ತಿಳಿಸಲಿ ಅಂತ ಕೇಂದ್ರ ಸರ್ಕಾರ 2023ರಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ಯಾರಾದರೂ ಅದರಲ್ಲಿ ಕೇಳಿದರೆ ಉತ್ತರ ಕೊಡಲಿಕ್ಕೂ ಕೇಬಲ್ ಎಲ್ಲಿದೆ ಅಂತ ನಮಗೆ ಗೊತ್ತಿರಬೇಕು.

ಕೋರ್ ಜೋಡಣೆ ಮಾತ್ರ ಇನ್ನೂ ಎಕ್ಸೆಲ್‌ನಲ್ಲೇ ಇದೆ. ಬಾಕ್ಸ್ ನಂಬರ್, ಒಳಗಿನ ಕೋರ್, ಹೊರಗಿನ ಕೋರ್, ಮೀಟರ್ ನಂಬರ್, ಕಣ್ಣಾರೆ ನೋಡಿದವರ ಹೆಸರು, ನೋಡಿದ ದಿನ. ನೋಡದೇ ಇದ್ದದ್ದು ಖಾಲಿ ಬಿಡುವುದು ಅಂತ ನಿಯಮ. ಹಳೇ ಊರಿನ ಓಣಿಗಳ ಸಾಲುಗಳು ಇನ್ನೂ ಸುಮಾರು ಖಾಲಿ ಇವೆ. ಒಂದೇ ಓಎಲ್‌ಟಿ ಇರುವವರಿಗೆ ಇಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಶೀಟ್‌ನ ಖಾಲಿ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ.